ಮನೆಯಲ್ಲಿ ತೆಲುಗು, ಬರೆಯುವುದು ಕನ್ನಡ: ಏಕೆ?

“ನಿಮ್ಮ ಮನೆಮಾತು ತೆಲುಗು. ಮತ್ತೇಕೆ ಕನ್ನಡದಲ್ಲಿ ಬರೆಯುತ್ತೀರಿ?” ಬೆಂಗಳೂರಿನ ಸ್ನೇಹಿತರು ಇದನ್ನು ಕುತೂಹಲದಿಂದ ಕೇಳುತ್ತಾರೆ, ಮದನಪಲ್ಲಿಯ ನೆಂಟರು ತುಸು ಮುನಿಸಿನಿಂದ. ಚಿಂತಾಮಣಿಯಲ್ಲಿ ಮಾತ್ರ ಯಾರೂ ಕೇಳುವುದಿಲ್ಲ. ಇಲ್ಲಿ ಟೊಮೆಟೊ ಚೌಕಾಸಿ ತೆಲುಗಿನಲ್ಲಿ ಶುರುವಾಗಿ ಲೆಕ್ಕ ಕನ್ನಡದಲ್ಲಿ ಮುಗಿದರೆ ಅದು ಯಾರಿಗೂ ವಿಶೇಷವಲ್ಲ.

ನಾನು ಓದಲು ಕಲಿತದ್ದು ಕನ್ನಡದಲ್ಲಿ, ಸರ್ಕಾರಿ ಶಾಲೆಯಲ್ಲಿ. ತೆಲುಗು ಲಿಪಿಯನ್ನು ಇಂದಿಗೂ ತಡವರಿಸಿಕೊಂಡೇ ಓದುತ್ತೇನೆ. ಅರ್ಧ ಉತ್ತರ ಇಷ್ಟೇ.

ತಾಯ್ನುಡಿಯಲ್ಲಿ ಬರೆದರೆ ಮಾತ್ರ ಸಾಹಿತ್ಯಕ್ಕೆ ಜೀವ ಬರುತ್ತದೆ ಎಂದು ವಾದಿಸುವವರಿಗೆ ಕೋಲಾರದ ಆಚೆಗಿನ ಮಾಲೂರು ತಾಲ್ಲೂಕನ್ನು ತೋರಿಸುತ್ತೇನೆ. ಅಲ್ಲಿನ ಮಾಸ್ತಿಯವರ ಮನೆಮಾತು ತಮಿಳು. ಜನ ಅವರನ್ನು ಕರೆದದ್ದು ‘ಕನ್ನಡದ ಆಸ್ತಿ’ ಎಂದು. 1983ರ ಜ್ಞಾನಪೀಠ ಬಂದದ್ದೂ ಅವರ ಕನ್ನಡ ಬರಹಕ್ಕೇ. ಧಾರವಾಡದ ಬೇಂದ್ರೆಯವರ ಮನೆಯಲ್ಲಿ ಮರಾಠಿ. ಅವರ ಕನ್ನಡಕ್ಕೆ ಜೀವವಿಲ್ಲ ಎನ್ನುವ ಧೈರ್ಯ ಯಾರಿಗಿದೆ?

ಹಾಗೆಂದು ಮನೆಮಾತು ಸುಮ್ಮನೆ ಕೂರುವುದಿಲ್ಲ. ನಮ್ಮದೇ ತಾಲ್ಲೂಕಿನ ಕೈವಾರದ ನಾರೇಯಣ ತಾತಯ್ಯನವರು ತೆಲುಗಿನಲ್ಲೂ ಕನ್ನಡದಲ್ಲೂ ಹಾಡಿದವರು. ನಮ್ಮ ಅಜ್ಜಿಯ ಬಳಿ ಅವರ ತತ್ವಪದಗಳ ಒಂದು ನೋಟ್‌ಬುಕ್ ಇತ್ತು. ಪದಗಳು ತೆಲುಗಿನವು, ಅಕ್ಷರಗಳು ಕನ್ನಡದವು; ಉಸಿರು ನಿಲ್ಲಿಸಬೇಕಾದ ಕಡೆಯೆಲ್ಲ ಕೆಂಪು ಶಾಯಿಯ ಗೀಟು. ಅಜ್ಜಿ ಕಲಿತಿದ್ದು ಕನ್ನಡದ ಅಕ್ಷರ ಮಾತ್ರ, ಆದ್ದರಿಂದ ತೆಲುಗನ್ನು ಅದರಲ್ಲೇ ಬರೆದಿಟ್ಟುಕೊಂಡಿದ್ದಳು. ತಾನು ಕನ್ನಡದವಳೋ ತೆಲುಗಿನವಳೋ ಎಂಬ ಚಿಂತೆ ಅವಳನ್ನು ಕಾಡಿದ್ದನ್ನು ನಾನಂತೂ ಕಂಡಿಲ್ಲ. ಆ ಚಿಂತೆ ಹೆಚ್ಚಾಗಿ ಅರ್ಜಿ ನಮೂನೆ ತುಂಬಿಸುವವರದು. ನನ್ನ ವಾಕ್ಯಗಳು ಎಲ್ಲಿ ನಿಲ್ಲುತ್ತವೆ, ಎಲ್ಲಿ ಎಳೆದುಕೊಂಡು ಹೋಗುತ್ತವೆ ಎಂಬುದರಲ್ಲಿ ಆ ಕೆಂಪು ಗೀಟುಗಳ ಪಾಲು ದೊಡ್ಡದು.

ನಷ್ಟವಿಲ್ಲವೆಂದಲ್ಲ. ಗಡಿಯಾಚೆಯ ನೆಂಟರು ನನ್ನ ಒಂದು ಕತೆಯನ್ನೂ ಓದಿಲ್ಲ. ಅವರ ಮುನಿಸು ನ್ಯಾಯವಾದದ್ದೇ. ಇನ್ನು ಸಂಭಾಷಣೆ ಬರೆಯುವಾಗ ಪೇಚಾಟ ತಪ್ಪಿದ್ದಲ್ಲ. ನಮ್ಮ ಕಡೆಯ ಮುದುಕಿಯರು ಅಚ್ಚುಕಟ್ಟಾದ ಕನ್ನಡದಲ್ಲಿ ಬೈದರೆ ಮೇಕೆ ಕೂಡ ಅಲ್ಲಾಡುವುದಿಲ್ಲ. ಒಂದು ಕತೆಯಲ್ಲಿ ಮುದುಕಿಯೊಬ್ಬಳು ಮೇಕೆಗೆ “ಪೋವೇ ಮುದನಷ್ಟಪುದಾನಾ” ಎನ್ನುತ್ತಾಳೆ. ಆವರಣದಲ್ಲಿ ಅರ್ಥ ಕೊಡಿ ಎಂದು ಸಂಪಾದಕರು ಕೇಳಿದರು. ಮೇಕೆಗೆ ಅರ್ಥವಾದದ್ದು ಓದುಗರಿಗೂ ಆಗುತ್ತದೆ ಎಂದೆ. ಅವರು ನಕ್ಕು, ಹಾಗೆಯೇ ಅಚ್ಚು ಹಾಕಿದರು. ಆಮೇಲೆ ಬಳ್ಳಾರಿಯ ಕಡೆಯಿಂದ ಒಬ್ಬ ಓದುಗರು ಬರೆದಿದ್ದರು: ತಮ್ಮ ಮನೆಯಲ್ಲಿ ಈ ಬೈಗುಳ ಎಮ್ಮೆಗೆ ಮೀಸಲಂತೆ.