ನೀರಿನ ಹಾಡು

ಸಂಚಿಕೆಗೆ ಶಾಲೆಯ ನೆನಪು ಬರೆದುಕೊಡಿ ಎಂದು ಕೇಳಿದಾಗ ನನಗೆ ಮೊದಲು ನೆನಪಾದದ್ದು ಪ್ರಾರ್ಥನೆಯೂ ಅಲ್ಲ, ಗಂಟೆಯ ಸದ್ದೂ ಅಲ್ಲ. ಒಂದು ವಿಡಿಯೋ ಗೇಮಿನ ಸಂಗೀತ. ಹಿರಿಯ ಗುರುಗಳು ಕ್ಷಮಿಸಬೇಕು.

2023ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಕಾಪಾಡಿಕೊಳ್ಳಬೇಕಾದ ಧ್ವನಿಮುದ್ರಣಗಳ ತನ್ನ ಪಟ್ಟಿಗೆ 'ಸೂಪರ್ ಮಾರಿಯೋ ಬ್ರದರ್ಸ್' ಆಟದ ಸಂಗೀತವನ್ನು ಸೇರಿಸಿಕೊಂಡಿತು. ವಿಡಿಯೋ ಗೇಮಿನ ಸಂಗೀತಕ್ಕೆ ಆ ಗೌರವ ಸಿಕ್ಕಿದ್ದು ಅದೇ ಮೊದಲು. ಸುದ್ದಿ ಓದಿ ಹಿಗ್ಗಿದೆ, ಮರುಕ್ಷಣ ತುಸು ಮುನಿಸೂ ಬಂತು. ಅವರು ಆರಿಸಿದ್ದು ಮೊದಲ ಸ್ಟೇಜಿನ ಹಾಡನ್ನು, ಲೋಕವೆಲ್ಲ ಗುನುಗುವುದನ್ನು. ನಮ್ಮ ತರಗತಿಯ ಹಾಡು ಅದಲ್ಲ. ನಮ್ಮದು ನೀರಿನ ಹಾಡು.

ನನ್ನ ಪಕ್ಕ ಕೂರುತ್ತಿದ್ದ ಗೆಳೆಯನ ಮನೆಯಲ್ಲಿ ಟೀವಿಗೆ ಜೋಡಿಸುವ ಗೇಮ್ ಇತ್ತು. ಶಾಲೆ ಬಿಟ್ಟೊಡನೆ ನಾಲ್ಕೈದು ಮಂದಿ ಅಲ್ಲಿಗೆ ನುಗ್ಗುತ್ತಿದ್ದೆವು. ಆಟ 1985ರದು, ನಮ್ಮ ಕೈಗೆ ಸಿಗುವಷ್ಟರಲ್ಲಿ ಹಳತಾಗಿತ್ತು, ಅದು ನಮಗೆ ಗೊತ್ತಿರಲಿಲ್ಲ. ಎರಡನೆಯ ಸ್ಟೇಜಿನ ಕೊನೆಯಲ್ಲಿ, ನೆತ್ತಿಯ ಮೇಲಿನ ಇಟ್ಟಿಗೆಗಳ ಮೇಲೆ ಹತ್ತಿ ಓಡಿದರೆ, ಗುಟ್ಟಿನ ಕೋಣೆಯೊಂದು ಸಿಗುತ್ತದೆ. ಅಲ್ಲಿನ ಒಂದು ಪೈಪಿಗೆ ಇಳಿದರೆ ನೇರ ನಾಲ್ಕನೆಯ ಲೋಕ; ಆಟದಲ್ಲಿ ನಾಲ್ಕು ನಾಲ್ಕು ಸ್ಟೇಜಿಗೊಂದು ಲೋಕ. ಉಳಿದವರೆಲ್ಲ ಹಾಗೇ ಹಾರಿಹೋಗುತ್ತಿದ್ದರು. ಗೆಳೆಯ ಮಾತ್ರ ಒಪ್ಪುತ್ತಿರಲಿಲ್ಲ. "ನೀರಿನ ಹಾಡು ಕೇಳದೆ ಹೋಗುವುದೇ?" ಎನ್ನುತ್ತಿದ್ದ. ಆ ಹಾಡು ಮೊದಲು ಕೇಳಿಸುವುದು ಎರಡನೆಯ ಲೋಕದ ಎರಡನೆಯ ಸ್ಟೇಜಿನಲ್ಲಿ. ಅಡ್ಡದಾರಿ ಹಿಡಿದವನಿಗೆ ಅದು ತಪ್ಪಿಹೋಗುತ್ತದೆ.

ಆಟದ ನಾಯಕ ಮಾರಿಯೋ ತಾನಾಗಿಯೇ ನಡೆದುಹೋಗಿ ಪೈಪಿನೊಳಗೆ ಹೊಗುತ್ತಾನೆ. ಪರದೆ ನೀಲಿಯಾಗುತ್ತದೆ. ಅಲ್ಲಿಯವರೆಗಿನ ಓಟದ ಲಯವೆಲ್ಲ ಕರಗಿ, ತೂಗುಮಂಚ ತೂಗಿದಂತೆ ಮೂರು ಮೂರು ಎಣಿಕೆಯ ರಾಗ ಶುರುವಾಗುತ್ತದೆ. ಬಿಳಿಯ ಬೊಂಡಾಸಗಳು ಜಗ್ಗಿ ಜಗ್ಗಿ ಮೇಲೇರಿ ಮೈಮೇಲೆ ಬರುತ್ತವೆ, ನೆಲದ ಗುಂಡಿಗಳು ಕೆಳಕ್ಕೆ ಸೆಳೆಯುತ್ತವೆ, ರಾಗಕ್ಕೆ ಮಾತ್ರ ಇದ್ಯಾವುದರ ಪರಿವೆಯೂ ಇಲ್ಲ. ಸಾಯುವಾಗಲೂ ಹಾಯೆನಿಸುವ ಸ್ಟೇಜ್ ಅದೊಂದೇ.

ಮರುದಿನ ಅದು ಡೆಸ್ಕಿನ ಮೇಲೆ ಬೆರಳಾಗುತ್ತಿತ್ತು. ಒಮ್ಮೆ ಸಂಗೀತದ ಮೇಷ್ಟ್ರು ನಮ್ಮ ಹಿಂದೆ ಬಂದು ನಿಂತದ್ದು ತಿಳಿಯಲೇ ಇಲ್ಲ. ಬೈಗುಳಕ್ಕೆ ಕಾದೆವು. ಅವರು ತೊಡೆಯ ಮೇಲೆ ಎರಡು ಆವರ್ತ ತಟ್ಟಿ ನೋಡಿ, "ತಕಿಟ, ತಕಿಟ... ತಿಶ್ರ ಸರಿಯಾಗಿದೆ. ಆದರೆ ಓಡುತ್ತಿದ್ದೀರಿ, ಕಾಲ ಹಿಡಿದುಕೊಳ್ಳಿ" ಎಂದರು. ಓಡದೆ ಏನು ಮಾಡುವುದು? ಆಟದಲ್ಲಿ ಸಮಯ ನೂರಕ್ಕೆ ಇಳಿದೊಡನೆ ಎಚ್ಚರಿಕೆಯ ಸದ್ದು ಮೊಳಗಿ ಹಾಡು ಅವಸರಕ್ಕೆ ಬೀಳುತ್ತದೆ. ನಾವು ಸದಾ ಆ ಹೊತ್ತಿನವರು. ವಾರ್ಷಿಕ ಪರೀಕ್ಷೆಯಲ್ಲಿ "ಇನ್ನು ಹತ್ತು ನಿಮಿಷ" ಎಂದಾಗ ಹಿಂದಿನ ಬೆಂಚಿನಿಂದ ಯಾರೋ ಆ ಎಚ್ಚರಿಕೆಯ ಸದ್ದನ್ನು ಮೂಗಿನಲ್ಲೇ ಹೊರಡಿಸಿದರು. ಅದು ಯಾರೆಂದು ಇಲ್ಲಿಯೂ ಹೇಳುವುದಿಲ್ಲ.

ಈಗ ಮುಖ್ಯ ಸಂಗತಿ. ಮೊನ್ನೆ ಆ ಹಾಡಿನ ಧ್ವನಿಮುದ್ರಣ ಸಿಕ್ಕಿತು. ಆಟವಿಲ್ಲ, ಕೋಜಿ ಕೋಂಡೊ ರಚಿಸಿದ ರಾಗವಷ್ಟೇ. ಕಣ್ಣು ಮುಚ್ಚಿ ಕೇಳಿದೆ. ಎಲ್ಲ ಇತ್ತು, ಆದರೂ ಬೇರೆ ಯಾವುದೋ ಹಾಡಿನಂತಿತ್ತು. ನಾನೆಂದೂ ಕೇಳದ ಸ್ವರಗಳು ಅಲ್ಲಿದ್ದವು!

ಕಾರಣ ಆ ಗೇಮಿನ ಯಂತ್ರದೊಳಗಿದೆ. ಸದ್ದು ಹೊರಡಿಸುವ ಅದರ ಚಿಪ್‌ಗೆ ಇದ್ದದ್ದು ಐದೇ ಕೊರಳು: ರಾಗಕ್ಕೆ ಒದಗುವ ಎರಡು, ಮಂದ್ರಕ್ಕೊಂದು, ತಾಳದ ಚುರ್ ಚುರ್ ಸದ್ದಿಗೊಂದು, ಮೊದಲೇ ಮುದ್ರಿಸಿಟ್ಟ ಚಿಕ್ಕ ಸದ್ದುಗಳಿಗೊಂದು. ಆಟದ ಸದ್ದುಗಳಿಗೆ ಬೇರೆ ಕೊರಳಿಲ್ಲ. ಇವುಗಳಲ್ಲೇ ಒಂದನ್ನು ಕಸಿದುಕೊಳ್ಳಬೇಕು. ನೀರಿನಲ್ಲಿ ಈಜಲು ಗುಂಡಿ ಒತ್ತುತ್ತಲೇ ಇರಬೇಕಲ್ಲ? ಪ್ರತಿ ಒತ್ತಿಗೂ ಈಜಿನ ಸದ್ದು ಜೊತೆರಾಗದ ಕೊರಳನ್ನು ಹಿಡಿದು, ಅರೆಗಳಿಗೆ ಅದನ್ನು ಮೂಕವಾಗಿಸುತ್ತಿತ್ತು. ಅಂದರೆ ನಾವು ಕೇಳಿದ ಹಾಡಿನಲ್ಲಿ ನಮ್ಮ ಹೆಬ್ಬೆರಳಿನಷ್ಟಗಲದ ತೂತುಗಳಿದ್ದವು. ಗೆಳೆಯ ಆಡಿದರೆ ಒಂದು ಬಗೆಯ ತೂತು, ಗಾಬರಿಯಲ್ಲಿ ಗುಂಡಿ ಕುಟ್ಟುವ ನಾನು ಆಡಿದರೆ ಜರಡಿ.

ಧ್ವನಿಮುದ್ರಣವನ್ನು ಗೆಳೆಯನಿಗೆ ಕಳುಹಿಸಿದೆ. ವಿವರಣೆ ಏನೂ ಬರೆಯಲಿಲ್ಲ. ಎರಡು ದಿನ ಬಿಟ್ಟು ಉತ್ತರ ಬಂತು:

"ಚೆನ್ನಾಗಿದೆ. ಆದರೆ ಯಾರೂ ಈಜುತ್ತಿಲ್ಲವಲ್ಲ?"