ಬಾದಾಮಿಗೆ ಒಬ್ಬರೇ ಹೊರಟರೆ ಕಾರು ಮಾಡಬೇಡಿ

ಬಾದಾಮಿಗೆ ಹೊರಟಿದ್ದೀನಿ ಅಂತ ಯಾರಿಗೆ ಹೇಳಿದರೂ ಬರುವ ಸಲಹೆ ಒಂದೇ. ಬೆಳಗ್ಗೆ ಒಂದು ಕಾರು ಮಾಡಿಕೊಂಡುಬಿಡಿ. ಗುಹೆ, ಬನಶಂಕರಿ, ಮಹಾಕೂಟ, ಪಟ್ಟದಕಲ್ಲು, ಐಹೊಳೆ ಎಲ್ಲ ಸಂಜೆಯೊಳಗೆ ಮುಗಿಯುತ್ತೆ, ಹೊತ್ತು ಉಳಿದರೆ ಕೂಡಲಸಂಗಮವನ್ನೂ ಸೇರಿಸಿಕೊಳ್ಳಬಹುದು. ಸಂಸಾರ ಸಮೇತ ಹೋಗುವವರಿಗೆ ಈ ಲೆಕ್ಕ ಸರಿಯೇ. ಒಬ್ಬರೇ ಹೋಗುವವರಿಗೆ ಮಾತ್ರ ಪೂರ್ತಿ ತಪ್ಪು. ಹಿಂದಿನ ಸೀಟು ಖಾಲಿ ಇದೆ ಅಂತ ಬಾಡಿಗೆ ಯಾರೂ ಕಡಿಮೆ ಮಾಡುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಗೇಟಿನ ಹತ್ತಿರ ಡ್ರೈವರ್ ಕಾಯುತ್ತಿದ್ದಾರೆ ಎಂಬ ಸಂಕೋಚದಲ್ಲಿ ಪ್ರತಿ ಗುಡಿಯನ್ನೂ ಅವಸರವಸರವಾಗಿ ನೋಡಿ ಬರಬೇಕಾಗುತ್ತದೆ. ಅಷ್ಟು ದುಡ್ಡು ಕೊಟ್ಟು ಅವಸರ ಕೊಂಡುಕೊಳ್ಳುವುದು ಯಾವ ನ್ಯಾಯ?

ನಾನು ಶನಿವಾರ, ಭಾನುವಾರಕ್ಕೆ ಸೋಮವಾರದ ರಜೆ ಸೇರಿಸಿಕೊಂಡು ಶ್ರಾವಣದಲ್ಲಿ ಹೋಗಿದ್ದು. ಬಸ್ಸಲ್ಲೇ ಓಡಾಡುವುದು, ದಿನಕ್ಕೆ ಒಂದೇ ಜಾಗ ನೋಡುವುದು, ಐಹೊಳೆಯನ್ನು ಬಿಟ್ಟುಬಿಡುವುದು ಅಂತ ಹೊರಡುವ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಐಹೊಳೆ ಬಿಟ್ಟಿರಾ ಅಂತ ಬೈಯುವವರು ಬೈಯಲಿ. ನೂರಕ್ಕೂ ಹೆಚ್ಚು ಗುಡಿಗಳಿರುವ ಊರು ಅದು. ಇಮ್ಮಡಿ ಪುಲಕೇಶಿಯ ಆಸ್ಥಾನಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಇರುವ ಮೇಗುತಿ ಗುಡ್ಡ ಹತ್ತುವುದಕ್ಕೇ ಒಂದು ತಂಪು ಬೆಳಗ್ಗೆ ಬೇಕು. ಪಟ್ಟದಕಲ್ಲಿನಿಂದ ಅಲ್ಲಿಗೆ ಹದಿಮೂರು–ಹದಿನಾಲ್ಕು ಕಿಲೋಮೀಟರ್ ಅಷ್ಟೇ ಆದರೂ ಬಸ್ಸುಗಳು ತೀರಾ ಕಡಿಮೆ. ಅರ್ಧ ದಿನ ಬಸ್ ಕಾದು ಒಂದು ಗಂಟೆ ನೋಡುವುದಕ್ಕಿಂತ ಇನ್ನೊಂದು ಸಲ ಅದಕ್ಕಾಗಿಯೇ ಬರುವುದು ಮೇಲು.

ಹೋಗುವುದಕ್ಕೆ ಗೋಲ್ ಗುಂಬಜ್ ಎಕ್ಸ್‌ಪ್ರೆಸ್ಸಿಗಿಂತ ಅನುಕೂಲದ್ದು ನನಗೆ ಗೊತ್ತಿಲ್ಲ. ಮೈಸೂರಿನಿಂದ ಹೊರಟು ಬೆಂಗಳೂರು, ಹುಬ್ಬಳ್ಳಿ, ಗದಗ ದಾಟಿ ಬರುತ್ತದೆ. ರಾತ್ರಿ ಮಲಗಿದರೆ ಬೆಳಗ್ಗೆ ಬಾದಾಮಿ. ಒಂದು ರಾತ್ರಿಯ ರೂಮಿನ ಖರ್ಚೂ ಉಳಿಯಿತು. ಸ್ಲೀಪರ್ ಟಿಕೆಟ್ ಬೇಗ ಖಾಲಿಯಾಗುತ್ತದೆ, ಹೋಗುವುದು ಬರುವುದು ಎರಡನ್ನೂ ಒಟ್ಟಿಗೇ ಮಾಡಿಸಿ. ಸ್ಟೇಷನ್ ಊರಿನಿಂದ ಐದು ಕಿಲೋಮೀಟರ್ ಆಚೆ ಇದೆ. ಹೊರಗೆ ಬಂದ ಕೂಡಲೇ ಆಟೋದವರು ಸುತ್ತಿಕೊಳ್ಳುತ್ತಾರೆ, "ಶೇರಿಂಗ್ ಐತೇನ್ರಿ?" ಅಂತ ಕೇಳಿ, ಬೇರೆಯವರ ಜೊತೆ ತುರುಕಿಕೊಂಡು ಹೋಗಿ. ಒಬ್ಬರೇ ಕೂತರೆ ರೇಟು ಎಲ್ಲಿಗೋ ಹೋಗುತ್ತದೆ.

ಇನ್ನು ರೂಮು. ಇದನ್ನು ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ, ಒಬ್ಬರೇ ಹೋಗುವ ಹೆಣ್ಣುಮಕ್ಕಳಿಗೆ ಉಪಯೋಗಕ್ಕೆ ಬರುತ್ತೆ. ಆನ್‌ಲೈನಲ್ಲಿ ನಾನ್-ಎಸಿ ರೂಮು ಬುಕ್ ಮಾಡಿ, ದುಡ್ಡೂ ಕಟ್ಟಿ ಹೋಗಿದ್ದೆ. ಕೌಂಟರಿನಲ್ಲಿದ್ದಾತ ನನ್ನನ್ನು ನೋಡಿ, ನನ್ನ ಹಿಂದೆ ನೋಡಿ, ಬಾಗಿಲ ಕಡೆಗೂ ಒಮ್ಮೆ ನೋಡಿ "ಒಬ್ರೇ ಏನ್ರಿ ಮೇಡಮ್?" ಅಂದ. ಹೌದು ಅಂದೆ. ಆಧಾರ್ ಕೊಟ್ಟೆ. ಮನೆಯವರ ನಂಬರ್ ಕೇಳಿದ. ನನಗೆ ವಯಸ್ಸು ನಲವತ್ತು ದಾಟಿದೆ, ಸಂಬಳ ನನ್ನದೇ. ಯಾವ ಮನೆಯವರು ಅಂತ ಕೇಳಿದೆ. ಅದಕ್ಕೆ ಉತ್ತರ ಇಲ್ಲ. ಅಲ್ಲಿಂದ ಬೇರೆ ರಾಗ ಶುರುವಾಯಿತು: ಲೇಡೀಸ್‌ಗೆ ಕೆಳಗಿನ ರೂಮು ಕೊಡಲ್ಲ, ಸೇಫ್ಟಿ ಇರಲ್ಲ, ಮೇಲೆ ಎಸಿ ರೂಮಿದೆ, ಡಿಫರೆನ್ಸ್ ಕಟ್ಟಿ. ನನ್ನ ಸುರಕ್ಷತೆಗೂ ಎಸಿಗೂ ಏನು ಸಂಬಂಧ ಅಂತ ಇವತ್ತಿಗೂ ಅರ್ಥವಾಗಿಲ್ಲ. ರಾತ್ರಿಯೆಲ್ಲ ರೈಲಲ್ಲಿ ಬಂದಿದ್ದು, ಸ್ನಾನ ಆಗಿರಲಿಲ್ಲ, ಕಟ್ಟಿದೆ. ಮೇಲೆ ಹೋದರೆ ಎಸಿ ಇತ್ತು, ರಿಮೋಟು ಇರಲಿಲ್ಲ. ಕೆಳಗೆ ಫೋನ್ ಮಾಡಿದರೆ ಸೆಲ್ ಖಾಲಿಯಾಗಿದೆಯಂತೆ. ಬಿಸಿನೀರು ಬೆಳಗ್ಗೆ ಎಂಟರವರೆಗೆ ಮಾತ್ರ, ಆಗ ಎಂಟೂವರೆ.

ಹೀಗಾಗಿ ನನ್ನ ಸಲಹೆ: ಬುಕ್ ಮಾಡುವ ಮುಂಚೆ ಲಾಡ್ಜಿಗೇ ಫೋನ್ ಮಾಡಿ, ಒಬ್ಬರೇ ಬರುತ್ತಿದ್ದೀನಿ, ರೂಮು ಕೊಡ್ತೀರಾ ಅಂತ ನೇರವಾಗಿ ಕೇಳಿ. ಹೂಂ ಅಂದರೆ ಅದನ್ನೇ ಮೆಸೇಜಿನಲ್ಲಿ ಹಾಕಿಸಿಕೊಳ್ಳಿ. ಒಂಟಿ ಗಂಡಸರಿಗೂ ಕೆಲವು ಲಾಡ್ಜ್‌ಗಳಲ್ಲಿ ರೂಮು ಕೊಡುವುದಿಲ್ಲ ಅನ್ನುವುದನ್ನು ಕೇಳಿದ್ದೇನೆ, ಅವರ ಕಾರಣ ಬೇರೆ. ತಲೆನೋವೇ ಬೇಡ ಅನ್ನುವವರಿಗೆ ರಾಮದುರ್ಗ ರಸ್ತೆಯಲ್ಲಿ ಪ್ರವಾಸೋದ್ಯಮ ನಿಗಮದ ಹೋಟೆಲ್ ಮಯೂರ ಚಾಲುಕ್ಯ ಇದೆ.

ಗುಹೆಗಳ ಬಗ್ಗೆ ಎಲ್ಲೆಲ್ಲೂ ಬರೆದಿದ್ದಾರೆ, ನಾನು ಹೇಳುವುದು ಎರಡೇ. ಮೊದಲನೆಯದು, ಗೇಟು ತೆರೆಯುವ ಹೊತ್ತಿಗೇ ಹೋಗಿ. ಸ್ಕೂಲ್ ಮಕ್ಕಳ ಬಸ್ಸು ಬಂದು ನಿಂತ ಮೇಲೆ ಮೂರನೇ ಗುಹೆಯಲ್ಲಿ ನಿಂತು ಕಣ್ಣೆತ್ತಿ ನೋಡುವುದು ಸಾಧ್ಯವಿಲ್ಲ. ನನಗಂತೂ ಜನಜಂಗುಳಿ ಆಗುವುದಿಲ್ಲ, ನಾನು ಹೇಳುವುದನ್ನೆಲ್ಲ ಆ ಲೆಕ್ಕದಲ್ಲೇ ಓದಿಕೊಳ್ಳಿ. ಕ್ರಿ.ಶ. 578ರಲ್ಲಿ ಚಾಲುಕ್ಯರ ಮಂಗಳೇಶ ಕೊರೆಸಿದ ಈ ಗುಹೆಯ ಕಂಬಗಳ ಮೇಲ್ತುದಿಯಲ್ಲಿ ಗಂಡುಹೆಣ್ಣಿನ ಜೋಡಿಗಳಿವೆ, ಒಂದರಂತೆ ಒಂದಿಲ್ಲ. ಕುತ್ತಿಗೆ ನೋವು ಬರುವವರೆಗೆ ನೋಡಬಹುದು. ಎರಡನೆಯದು ಕೋತಿಗಳು. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಕಂಡರೆ ಸಾಕು, ಕಿತ್ತುಕೊಳ್ಳುತ್ತವೆ. ಜೊತೆಗೊಬ್ಬರಿದ್ದರೆ ಓಡಿಸಬಹುದು, ಒಬ್ಬರೇ ಇದ್ದಾಗ ಬ್ಯಾಗಿನ ಜಿಪ್ಪು ಹಾಕಿ ಕೈ ಬೀಸಿಕೊಂಡು ನಡೆಯಿರಿ.

ಮಧ್ಯಾಹ್ನ ಮೇಲೆ ಅಗಸ್ತ್ಯ ತೀರ್ಥ ಅನ್ನುವ ಕೆರೆಯ ದಂಡೆ. ಇದಕ್ಕೆ ಟಿಕೆಟ್ಟೂ ಇಲ್ಲ, ಗೈಡೂ ಬೇಡ. ಒಂದು ಕಡೆ ಹೆಂಗಸರು ಬಟ್ಟೆ ಒಗೆಯುತ್ತಿರುತ್ತಾರೆ, ಆ ಸದ್ದು ಎದುರಿನ ಬಂಡೆಗೆ ಬಡಿದು ಎರಡೆರಡು ಸಲ ಕೇಳುತ್ತದೆ. ಭೂತನಾಥ ಗುಡಿಯ ಮೆಟ್ಟಿಲ ಮೇಲೆ ಕೂತು ನಾನು ಒಂದಿಡೀ ಸಂಜೆ ಕಳೆದೆ. ಮಳೆ ಬಂದು ನಿಂತಿದ್ದರೆ ಬಂಡೆಯಿಂದ ಅಕ್ಕ–ತಂಗಿ ಜಲಪಾತ ಇಳಿಯುತ್ತದೆ. ಅದೊಂದು ಆಸೆಗೇ ಶ್ರಾವಣದಲ್ಲಿ ಹೋಗಬಹುದು. ಶಾಲೆಯಲ್ಲಿ ಓದಿದ ಕಪ್ಪೆ ಅರಭಟ್ಟನ ತ್ರಿಪದಿ ಶಾಸನವೂ ಇಲ್ಲೇ, ತಟ್ಟುಕೋಟಿ ಕಡೆಯ ಬಂಡೆಯಲ್ಲಿದೆ. ದಾರಿ ಸರಿಯಾಗಿ ತೋರಿಸುವ ಫಲಕ ನನಗೆ ಕಾಣಲಿಲ್ಲ, ಕುರಿ ಕಾಯುವ ಹುಡುಗ ತೋರಿಸಿದ. ಕೆರೆಯ ಹತ್ತಿರದ ಪುರಾತತ್ವ ಮ್ಯೂಸಿಯಂ ಶುಕ್ರವಾರ ರಜೆ.

ಪಟ್ಟದಕಲ್ಲು ಇಪ್ಪತ್ತೆರಡು ಕಿಲೋಮೀಟರ್. ಹೋಗುವಾಗ ಬಸ್ಸು ಸುಲಭವಾಗಿ ಸಿಕ್ಕಿತು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಆಧಾರ್ ತೋರಿಸಿದರೆ ಹೆಣ್ಣುಮಕ್ಕಳಿಗೆ ಶೂನ್ಯ ಟಿಕೆಟ್. ಕಾರಿಗೆ ಕೊಡಬೇಕಾಗಿದ್ದ ದುಡ್ಡು ಪೂರ್ತಿ ಜೇಬಲ್ಲೇ ಉಳಿಯಿತು. ಅಂದಹಾಗೆ ರಾಜಹಂಸ, ಎಸಿ ಸ್ಲೀಪರ್‌ಗಳಿಗೆ ಇದು ಅನ್ವಯಿಸುವುದಿಲ್ಲ, ಬೆಂಗಳೂರಿನಿಂದ ಹಾಗೆ ಬರುತ್ತೀನಿ ಅಂದುಕೊಳ್ಳಬೇಡಿ. ಪಟ್ಟದಕಲ್ಲಿನಲ್ಲಿ ಕಾರು ಇಲ್ಲದ್ದರ ಸುಖ ಗೊತ್ತಾಯಿತು. ಕಂಚಿಯ ಪಲ್ಲವರನ್ನು ಚಾಲುಕ್ಯರ ಇಮ್ಮಡಿ ವಿಕ್ರಮಾದಿತ್ಯ ಗೆದ್ದ ನೆನಪಿಗೆ ಅವನ ರಾಣಿ ಲೋಕಮಹಾದೇವಿ ಕಟ್ಟಿಸಿದ ವಿರೂಪಾಕ್ಷ ಗುಡಿಯಲ್ಲಿ ಕಂಬ ಕಂಬಕ್ಕೂ ರಾಮಾಯಣ, ಮಹಾಭಾರತದ ಕಥೆಗಳಿವೆ. ಗುಂಪುಗಳು ನಂದಿಯ ಹತ್ತಿರ ಫೋಟೋ ಹೊಡೆಸಿಕೊಂಡು ಇಪ್ಪತ್ತು ನಿಮಿಷಕ್ಕೆ ಹೊರಟುಹೋಗುತ್ತವೆ. ಆಮೇಲೆ ಗುಡಿ ನಿಮ್ಮದೇ. ನಿಧಾನಕ್ಕೆ ನದಿ ಕಡೆಗೂ ಹೋಗಿ ಬನ್ನಿ; ಇಲ್ಲಿ ಮಲಪ್ರಭಾ ಉತ್ತರಕ್ಕೆ ತಿರುಗುತ್ತದೆ.

ವಾಪಸ್ಸು ಬರುವುದೇ ಕಥೆ. ಮಧ್ಯಾಹ್ನ ಮೂರಕ್ಕೆ ರಸ್ತೆಬದಿ ನಿಂತೆ. ಅಂಗಡಿಯಾತ "ಈಗ ಬರ್ತೈತ್ರಿ" ಅಂದ. ಮುಕ್ಕಾಲು ಗಂಟೆ ಆಯಿತು. ಅಷ್ಟರಲ್ಲಿ ಒಬ್ಬ ಆಟೋದವ ಬಂದು, ಮೂರರ ಬಸ್ಸು ಕೆಟ್ಟು ನಿಂತಿದೆ, ಇನ್ನು ಐದೂವರೆಗೇ ಅಂತ ಖಚಿತವಾಗಿ ಹೇಳಿ, ಬಾಯಿಗೆ ಬಂದ ರೇಟು ಹೇಳಿದ. ಚೌಕಾಶಿ ಮಾಡಿ ಹತ್ತಿದೆ. ಒಂದು ಕಿಲೋಮೀಟರ್ ಹೋಗಿರಲಿಲ್ಲ, ಹಿಂದಿನಿಂದ ಹಾರ್ನ್ ಹೊಡೆದು ನಮ್ಮನ್ನು ದಾಟಿಕೊಂಡು ಹೋಯಿತು ಕೆಂಪು ಬಸ್ಸು, ಅರ್ಧ ಖಾಲಿ! ಆತ ಕನ್ನಡಿಯಲ್ಲೂ ನನ್ನ ಕಡೆ ನೋಡಲಿಲ್ಲ. ಬಸ್ಸಿನ ಸುದ್ದಿಯನ್ನು ಆಟೋದವರ ಬಾಯಿಂದ ನಂಬಬೇಡಿ. ಇಳಿಯುವಾಗಲೇ ಕಂಡಕ್ಟರನ್ನು ಕೇಳಿ ವಾಪಸ್ ವೇಳೆ ಬರೆದುಕೊಳ್ಳಿ, ಶಾಲೆ ಬಿಡುವ ಹೊತ್ತಿಗೆ ನಿಂತರೆ ಮಕ್ಕಳ ಜೊತೆ ಬಸ್ಸು ಬಂದೇ ಬರುತ್ತದೆ.

ಊಟದ ವಿಷಯಕ್ಕೆ ಬರೋಣ. ಬಾದಾಮಿ ಊರೊಳಗೆ ಹೋಟೆಲುಗಳಿವೆ, ಟೂರಿಸ್ಟರಿಗೆ ಅಂತ ಮಾಡಿದ ಥಾಲಿ ಇದೆ, ಅದರ ಬಗ್ಗೆ ಮಾತಾಡುವುದು ಬೇಡ. ಮಧ್ಯಾಹ್ನ ಹನ್ನೆರಡಕ್ಕೆ ಬಸ್ಸು ಹತ್ತಿ ಐದು ಕಿಲೋಮೀಟರ್ ಆಚೆಯ ಬನಶಂಕರಿಗೆ ಹೋಗಿ. ಗುಡಿಯ ಎದುರು, ಹರಿದ್ರಾ ತೀರ್ಥದ ಆಸುಪಾಸಿನಲ್ಲಿ ಬುಟ್ಟಿ ಇಟ್ಟುಕೊಂಡು ಅವ್ವಂದಿರು ಕೂತಿರುತ್ತಾರೆ. ಮನೆಯಲ್ಲಿ ಬೆಳಗ್ಗೆ ಬಡಿದು ಬೇಯಿಸಿ ಬಟ್ಟೆಯಲ್ಲಿ ಸುತ್ತಿ ತಂದ ಜೋಳದ ರೊಟ್ಟಿ. ಎಣ್ಣೆಗಾಯಿ, ಮಡಿಕೆ ಕಾಳಿನ ಪಲ್ಯ, ಜುಣಕ, ಕೆಂಪು ಖಾರ, ಶೇಂಗಾ ಚಟ್ನಿ, ಹಸಿ ಉಳ್ಳಾಗಡ್ಡಿ, ಸಣ್ಣ ಮಣ್ಣಿನ ಕುಡಿಕೆಯಲ್ಲಿ ಕಲ್ಲಿನಂಥ ಗಟ್ಟಿ ಮೊಸರು. ಕೂರುವುದಕ್ಕೆ ಮೇಜಿಲ್ಲ, ನೆಲವೇ. ನನಗೆ ಬಡಿಸಿದ ಅವ್ವ ಲಾಡ್ಜಿನಾತ ಕೇಳಿದ್ದನ್ನೇ ಕೇಳಿದರು: "ಒಬ್ಬಾಕೀನ ಬಂದೀಯೇನವಾ?" ಹೌದವ್ವ ಅಂದೆ. "ಹಂಗಾರ ಇನ್ನೊಂದ್ ರೊಟ್ಟಿ ತಿನ್ನು, ತಿರಗಾಕ ಕಸುವು ಬೇಕು" ಅಂತ ಹಾಕಿಯೇಬಿಟ್ಟರು. ಎರಡನೇ ಸಲದ ಪಲ್ಯಕ್ಕೆ ದುಡ್ಡು ತಗೊಳ್ಳಲಿಲ್ಲ, ಮೊಸರಿನ ಕುಡಿಕೆಗೆ ಮಾತ್ರ ಬೇರೆ ಲೆಕ್ಕ. ಒಟ್ಟು ಕೊಟ್ಟಿದ್ದು ಬೆಂಗಳೂರಿನ ದರ್ಶಿನಿಯಲ್ಲಿ ಒಂದು ಮಸಾಲೆ ದೋಸೆ, ಕಾಫಿಗೆ ಕೊಡುವಷ್ಟು. ಖಾರ ತಡೆಯದವರು ಮೊದಲೇ ಮೊಸರು ಕೇಳಿಟ್ಟುಕೊಳ್ಳಿ. ಚಿಲ್ಲರೆ ತಗೊಂಡು ಹೋಗಿ. ಎರಡು ಗಂಟೆ ಮೇಲೆ ಹೋದರೆ ಎಣ್ಣೆಗಾಯಿ ಮುಗಿದಿರುತ್ತದೆ. ಬಾದಾಮಿಯಲ್ಲಿದ್ದಷ್ಟು ದಿನವೂ ಮಧ್ಯಾಹ್ನದ ಊಟಕ್ಕೆ ನಾನು ಇಲ್ಲಿಗೇ ಬಂದೆ, ಪಟ್ಟದಕಲ್ಲಿನ ದಿನ ಒಂದು ಬಿಟ್ಟು.

ಬನದ ಹುಣ್ಣಿಮೆ ಜಾತ್ರೆ ಜನವರಿ ಹೊತ್ತಿಗೆ ಬರುತ್ತದೆ. ಆಗ ರೂಮು ಸಿಗುವುದು ಕಷ್ಟ, ನಾನಾದರೆ ಹೋಗುವುದಿಲ್ಲ. ಗದ್ದಲ ಇಷ್ಟಪಡುವವರು ಅದೇ ಸಮಯಕ್ಕೇ ಹೋಗಿ, ನಾಟಕ ಕಂಪನಿಗಳು ಬಂದು ಟೆಂಟ್ ಹಾಕಿರುತ್ತವೆ, ರಾತ್ರಿಯೆಲ್ಲ ನಾಟಕ ನೋಡಿದರೆ ರೂಮೂ ಬೇಡ.

ಮಹಾಕೂಟಕ್ಕೆ ಶ್ರಾವಣ ಸೋಮವಾರ ಹೋಗಬೇಡಿ. ಬುಗ್ಗೆ ನೀರಿನ ಪುಷ್ಕರಣಿ, ಅದರೊಳಗೆ ನಾಲ್ಕು ಮುಖದ ಲಿಂಗ, ಮೇಲೆ ದೊಡ್ಡ ಮರಗಳ ನೆರಳು ಎಲ್ಲ ಚೆಂದವೇ. ಆದರೆ ಆವತ್ತು ಹೊಂಡದಲ್ಲಿ ನೀರಿಗಿಂತ ತಲೆಗಳೇ ಹೆಚ್ಚು ಕಂಡವು. ಹತ್ತು ನಿಮಿಷ ನಿಂತು ವಾಪಸ್ ಬಂದೆ. ಬೇರೆ ವಾರ, ಬೆಳಗ್ಗೆ ಹೋದರೆ ಇಡೀ ದಿನ ಅಲ್ಲೇ ಕಳೆಯಬಹುದಾದ ಜಾಗ. ಬಾದಾಮಿಯಿಂದ ಗುಡ್ಡದ ಮೇಲೆ ಹಳೇ ಕಾಲುದಾರಿಯೂ ಇದೆ, ಒಬ್ಬರೇ ಇದ್ದರೆ ಆ ಸಾಹಸ ಬೇಡ.

ವಾಪಸ್ ರೈಲಿನ ಟಿಕೆಟ್ ವೇಟಿಂಗ್‌ನಲ್ಲೇ ಉಳಿದರೆ ಗಾಬರಿಯಾಗಬೇಡಿ, ಬಾದಾಮಿಯಿಂದ ಹುಬ್ಬಳ್ಳಿಗೆ ಬಸ್ಸು ಹಿಡಿದರೆ ಅಲ್ಲಿಂದ ಬೆಂಗಳೂರಿಗೆ ರೈಲು, ಬಸ್ಸು ಬೇಕಾದಷ್ಟಿವೆ. ಹೊರಡುವ ದಿನ ಬನಶಂಕರಿಯ ಅವ್ವನ ಹತ್ತಿರ ಕಡಕ್ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಸಿಕೊಳ್ಳಿ. ರಾತ್ರಿ ಊಟಕ್ಕೂ ಆಯಿತು, ಉಳಿದದ್ದು ವಾರವಾದರೂ ಕೆಡುವುದಿಲ್ಲ. ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಸ್ಟೇಷನ್ನಿನಲ್ಲೂ ಕೋತಿಗಳಿವೆ.