ಗಡ್ಡದ ಮೀನಿನ ತೊಟ್ಟಿ: ಮೂರನೆಯ ತಿಂಗಳು

ಕಳೆದ ಸಲ ಬರೆದಾಗ ಏಳು ಮೀನುಗಳಿದ್ದವು. ಈಗ ದೊಡ್ಡವು ಆರು, ಮರಿಗಳು ಹನ್ನೊಂದು.

ಒಂದು ಹೋದದ್ದು ನನ್ನಿಂದಲೇ. ಕತ್ತಲ ಕೋಣೆಯಲ್ಲಿ ಒಮ್ಮೆಲೇ ದೀಪ ಹಾಕಿದೆ; ಬೆದರಿದ ಗಂಡು ನೇರವಾಗಿ ಗಾಜಿಗೆ ನುಗ್ಗಿ ಕೊಕ್ಕು ಮುರಿದುಕೊಂಡಿತು. ಹೆಮಿರಾಂಫೊಡಾನ್ ಪೊಗೊನೊಗ್ನಾಥಸ್ ಎಂಬ ಈ ಮೀನಿಗೆ ಕೆಳದವಡೆ ಮಾತ್ರ ಸೂಜಿಯಂತೆ ಮುಂದಕ್ಕೆ ಚಾಚಿರುತ್ತದೆ. ಅದರ ಉದ್ದಕ್ಕೂ ಸಣ್ಣ ಹಲ್ಲುಗಳು, ತುದಿಯಲ್ಲಿ ಜೋತುಬಿದ್ದ ಮಾಂಸದ ಎಳೆ. 1853ರಲ್ಲಿ ಡಚ್ ಮೀನುತಜ್ಞ ಬ್ಲೀಕರ್ ಇಟ್ಟ ‘ಪೊಗೊನೊಗ್ನಾಥಸ್’ ಎಂಬ ಹೆಸರಿನ ಅರ್ಥವೂ ‘ಗಡ್ಡದ ದವಡೆ’ ಎಂದೇ. ಈಗ ಮೂರು ಬದಿಯ ಗಾಜಿಗೂ ಕಪ್ಪು ಕಾಗದ ಅಂಟಿಸಿ, ಮೇಲೆ ಅಂತರಗಂಗೆ ಹರಡಿದ್ದೇನೆ.

ಇವುಗಳ ಊರು ಮಲಯ ಪರ್ಯಾಯ ದ್ವೀಪ, ಸುಮಾತ್ರ, ಬೋರ್ನಿಯೊಗಳ ಕಾಡುತೊರೆ ಮತ್ತು ಜೌಗು. ಅಲ್ಲಿ ಎಲೆ ಕೊಳೆತ ನೀರಿಗೆ ಚಹಾದ ಬಣ್ಣ. ನಮ್ಮ ಕೊಳವೆಬಾವಿಯ ಗಡುಸು ನೀರು ಇವುಗಳಿಗೆ ಒಗ್ಗದು. ಹಾಗಾಗಿ ತಾರಸಿಯ ಮಳೆನೀರು (ಮೊದಲ ಮಳೆಯದನ್ನು ಚೆಲ್ಲಿದ ಮೇಲೆ), ಜೊತೆಗೆ ಬೀದಿಯಲ್ಲಿ ಉದುರಿದ ಒಣ ಬಾದಾಮಿ ಎಲೆ.

ಮೇವಿನದು ದೊಡ್ಡ ರಗಳೆ. ತಳಕ್ಕಿಳಿದ ಕಾಳನ್ನು ಇವು ತಿರುಗಿಯೂ ನೋಡುವುದಿಲ್ಲ. ನೀರಿನ ಮೇಲೆ ಬಿದ್ದ ಹುಳುವೇ ಬೇಕು. ಕೊಳೆತ ಬಾಳೆಹಣ್ಣಿನ ಬಾಟಲಿಯಲ್ಲಿ ನೊರಜು ಬೆಳೆಸುತ್ತೇನೆ. ಎರಡು ನಿಮಿಷ ಫ್ರಿಜ್‌ನಲ್ಲಿಟ್ಟರೆ ಅವು ಮಂಕಾಗುತ್ತವೆ, ಹಾರಿಹೋಗದಂತೆ ತೊಟ್ಟಿಗೆ ಉದುರಿಸಬಹುದು. “ತರಕಾರಿ ಪಕ್ಕ ನೊಣ ಇಡುವ ಮನೆ ನಮ್ಮದೊಂದೇ” ಎನ್ನುತ್ತಾರೆ ಅಮ್ಮ.

ಮರಿಗಳ ವಿಷಯದಲ್ಲಿ ನಾನು ಪೂರ್ತಿ ಮೋಸಹೋದೆ. ಒಮ್ಮೆಲೇ ಹಿಂಡುಗಟ್ಟಲೆ ಮರಿ ಹಾಕುವ ಗಪ್ಪಿ ಮೀನು ಸಾಕಿದ ರೂಢಿ. ಒಂದು ಬೆಳಿಗ್ಗೆ ಮರಿಗಳ ಹಿಂಡೇ ಕಾಣಿಸುತ್ತದೆ ಎಂದು ಕಾದೆ. ಕಂಡದ್ದು ಒಂದೇ ಮರಿ. ಉಳಿದವನ್ನು ದೊಡ್ಡವು ನುಂಗಿವೆ ಎಂದುಕೊಂಡು ಗಂಡುಗಳಿಗೆ ಶಾಪ ಹಾಕಿದೆ. ಮರುದಿನ ಎರಡು, ಒಂದು ದಿನ ಬಿಟ್ಟು ಮತ್ತೊಂದು! ಆಮೇಲೆ ಓದಿ ತಿಳಿಯಿತು: ತಾಯಿಯ ಹೊಟ್ಟೆಯಲ್ಲಿ ಬೇರೆ ಬೇರೆ ಹಂತದ ಮರಿಗಳು ಏಕಕಾಲಕ್ಕೆ ಬೆಳೆಯುತ್ತವೆ, ಮಾಗಿದಂತೆ ಒಂದೆರಡಾಗಿ ಹೊರಬರುತ್ತವೆ. ಗಂಡುಗಳ ಕ್ಷಮೆ ಕೇಳಿದೆನೆಂದೇ ಇಟ್ಟುಕೊಳ್ಳಿ. ಆದರೂ ಮರಿಗಳನ್ನು ಲೋಟದಲ್ಲಿ ಎತ್ತಿ ಬೇರೆ ಟಬ್ಬಿಗೆ ಬಿಡುತ್ತಿದ್ದೇನೆ, ನಂಬಿಕೆ ಅಷ್ಟಕ್ಕಷ್ಟೇ.

ಮೊದಲು ಹುಟ್ಟಿದ್ದರ ಕೊಕ್ಕು ಈಗ ಎದ್ದು ಕಾಣುತ್ತದೆ. ಇವತ್ತು ಹುಟ್ಟಿದ್ದು ಅಂತರಗಂಗೆಯ ಬೇರಿನ ನಡುವೆ ಕಸದ ಕಡ್ಡಿಯಂತೆ ನಿಂತಿತ್ತು. ಕಡ್ಡಿಯೆಂದೇ ಎತ್ತಿ ಎಸೆಯಲಿದ್ದೆ, ಅಷ್ಟರಲ್ಲಿ ಅದು ಕಣ್ಣು ಹೊರಳಿಸಿತು.